ಬಿಕ್ಕಲಂ ಚೆಲುವಾಂಬ

ಯಂತ್ರಗಳು ಮನುಷ್ಯರ ಹಾಗೇ ಬರೆಯಲು ಕಲಿತ ಮೇಲೆ ಸರ್ಕಾರಕ್ಕೆ ಕೈಬರಹದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಕಾರಣ ಸಾಹಿತ್ಯವಲ್ಲ, ಸತ್ತವರು. ಒಂದೇ ವರ್ಷದಲ್ಲಿ ನಾಲ್ಕು ಸಾವಿರ ಮಂದಿ ಸತ್ತವರು ತಮ್ಮದೇ ಅಕ್ಷರ, ತಮ್ಮದೇ ದನಿ, ತಮ್ಮದೇ ಮುಖದಲ್ಲಿ ತಲಾ ಎರಡು ಮೂರು ಉಯಿಲು ಮಾಡಿಟ್ಟು ಹೋಗಿರುವುದು ಪತ್ತೆಯಾಯಿತು. ಒಬ್ಬ ಪುಣ್ಯಾತ್ಮನಂತೂ ತನ್ನ ವೈಕುಂಠ ಸಮಾರಾಧನೆಯ ಮಾರನೆಯ ದಿನ ಸಹಿ ಹಾಕಿದ್ದ. ಆಗ ಬಂದದ್ದು ಕೈಬರಹ ಕಾಯಿದೆ. ಇನ್ನು ಮುಂದೆ ಉಯಿಲನ್ನು ಪರವಾನಗಿ ಪಡೆದ ಪತ್ರಬರಹಗಾರರು ನೋಂದಣಿ ಕಚೇರಿಯ ಸಾಕ್ಷಿ ಮೇಜಿನ ಮೇಲೆ ಕಾಗದವಿಟ್ಟು ಮಸಿಯಲ್ಲೇ ಬರೆಯಬೇಕು.

ಸಾಕ್ಷಿ ಮೇಜು ನೋಡಲು ಸಾಧಾರಣ ಮೇಜೇ. ಆದರೆ ಪೆನ್ನು ಎಷ್ಟು ಒತ್ತಿತು, ಎಲ್ಲಿ ನಿಂತಿತು, ಎಲ್ಲಿ ಎದ್ದು ಎಲ್ಲಿ ಕೂತಿತು ಎಂಬುದನ್ನೆಲ್ಲ ಅದು ಬರೆದುಕೊಳ್ಳುತ್ತಿತ್ತು. ಅಕ್ಷರದ ಆಕಾರವನ್ನು ಯಂತ್ರ ಕದಿಯಬಹುದು. ಕೈಯ ನಡಿಗೆಯನ್ನು ಕದಿಯುವುದು ಕಷ್ಟ. ಪ್ರತಿ ಬರಹಗಾರರದೂ ಒಂದು 'ಕೈಗುರುತು' ಇಲಾಖೆಯಲ್ಲಿ ದಾಖಲಾಗಿತ್ತು. ಬರೆದದ್ದು ಆ ಗುರುತಿಗೆ ನೂರಕ್ಕೆ ಎಪ್ಪತ್ತೈದು ಹೊಂದಿದರೆ ಮೇಜಿನ ಅಂಚಿನಲ್ಲಿ ಹಸಿರು, ಇಲ್ಲದಿದ್ದರೆ ಕೆಂಪು.

ಬಿದರೂರಿನ ಚೆಲುವಾಂಬ ಮೂವತ್ತೊಂದು ವರ್ಷದಿಂದ ಪತ್ರ ಬರೆಯುತ್ತಿದ್ದವಳು. ತಂದೆಯೂ ಪತ್ರಬರಹಗಾರರೇ. ಅವರಿಂದ ಬಂದ ಒಂದು ಅಭ್ಯಾಸ ಅವಳ ಕೈಯಲ್ಲಿ ಉಳಿದುಕೊಂಡಿತ್ತು: ಒಂದು ಪದದ ಅಕ್ಷರಗಳನ್ನೆಲ್ಲ ಮೊದಲು ಬೋಳಾಗಿ ಬರೆದು, ಆಮೇಲೆ ಹಿಂದಕ್ಕೆ ಹೋಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಟೋಪಿ ಹಾಕಿದಂತೆ ತಲಕಟ್ಟು ಕೊಡುವುದು. ಅಪ್ಪ ಕಲಿಸಿದ ಇನ್ನೊಂದು ಪಾಠ ಷರಾ. ಪತ್ರದಲ್ಲಿ ಎಲ್ಲಾದರೂ ಅಕ್ಷರ ತಪ್ಪಿದರೆ, ಹೊಡೆದುಹಾಕಿದರೆ, ಕೊನೆಯಲ್ಲಿ 'ಷರಾ' ಎಂದು ಬರೆದು ಇಂಥ ಸಾಲಿನಲ್ಲಿ ಇಂಥದು ಆಗಿದೆ ಎಂದು ತಾನಾಗಿಯೇ ಒಪ್ಪಿಕೊಳ್ಳಬೇಕು. ಅದರ ಕೆಳಗೆ 'ಬಿಕ್ಕಲಂ' ಎಂದು ಬರೆದು ತನ್ನ ಹೆಸರು. ಅಂದರೆ, ಈ ಪತ್ರ ಬರೆದ ಕೈ ಇಂಥವರದು. "ಬಿಕ್ಕಲಂ ಹಾಕೋವಾಗ ಸುಳ್ಳು ಹೇಳಬಾರದು ಮಗ, ಮಿಕ್ಕಿದ್ದೆಲ್ಲ ಪತ್ರ ಬರೆಸೋ ಪಾರ್ಟಿಗಳು ಹೇಳ್ಕೋತಾರೆ" ಎನ್ನುತ್ತಿದ್ದರು ಅಪ್ಪ.

ಅಂಥ ಕೈ ಐವತ್ತಾರನೆಯ ವಯಸ್ಸಿನಲ್ಲಿ ಮುಷ್ಕರ ಹೂಡಿತು. ಪೆನ್ನು ಹಿಡಿದು ಎರಡು ಸಾಲು ಬರೆಯುವಷ್ಟರಲ್ಲಿ ತೋರುಬೆರಳು ಬಿಲ್ಲಿನಂತೆ ಬಾಗುವುದು, ಹೆಬ್ಬೆರಳು ಪೆನ್ನಿನ ಕತ್ತು ಹಿಸುಕುವುದು, ಮಣಿಕಟ್ಟು ಒಳಕ್ಕೆ ತಿರುಗುವುದು. ಪೆನ್ನು ಕೆಳಗಿಟ್ಟರೆ ಏನೂ ಆಗೇ ಇಲ್ಲವೆಂಬಂತೆ ಕೈ ಸಾಧುವಾಗಿ ಮಡಿಲಲ್ಲಿ ಕೂರುತ್ತಿತ್ತು. ಆ ಕೈ ತೆಂಗಿನಕಾಯಿ ತುರಿಯುತ್ತಿತ್ತು, ಹೂ ಕಟ್ಟುತ್ತಿತ್ತು. ಅಕ್ಷರವೊಂದು ಬೇಡ ಅದಕ್ಕೆ.

"ನೆಪ ಕಣೇ ಅದು, ಕೆಲಸಗಳ್ಳ ಕೈ" ಎಂದ ಗಂಡ ಲಿಂಗರಾಜು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಯಾರ ಮಾತನ್ನೂ ಟಿಕೆಟ್ ಇಲ್ಲದೆ ನಂಬುತ್ತಿರಲಿಲ್ಲ.

"ಹೌದು ಕಣ್ರೀ. ನಿಮ್ಮ ಜೊತೆ ಇದ್ದೂ ಇದ್ದೂ ಕಲ್ತಿರಬೇಕು."

ಮೇಜು ಮಾರ್ಚಿನಲ್ಲಿ ಮೂರು ಸಲ ಕೆಂಪು ತೋರಿಸಿತು. ಉಪನೋಂದಣಾಧಿಕಾರಿ ಶಿವಸ್ವಾಮಿ, ಯಾರಿಗೂ ಕೆಟ್ಟದ್ದು ಬಯಸದ, ಆದರೆ ಮೇಜಿಗೆ ಎದುರು ಹೇಳದ ಮನುಷ್ಯ, ನೋಟಿಸನ್ನು ಎರಡು ಕೈಯಲ್ಲೂ ಹಿಡಿದು ಕೊಟ್ಟರು.

"ಮೂರು ತಿಂಗಳು ಟೈಮಿದೆ ಮೇಡಂ. ಜೂನ್ ಮೂವತ್ತಕ್ಕೆ ಮೇಜಿನ ಮೇಲೆ ಒಂದು ಪತ್ರ ಹಸಿರು ಬರ್ಬೇಕು. ಇಲ್ದಿದ್ರೆ ಪರವಾನಗಿ ರದ್ದು. ಇಲಾಖೆಯವರೇ ಮೈಸೂರಲ್ಲಿ ಚಿಕಿತ್ಸೆ ಏರ್ಪಾಟು ಮಾಡಿದಾರೆ, ಪುಕ್ಕಟೆ."

* * *

ಮೈಸೂರಿನ ಕೈಶಿಕ್ಷಣ ಕೇಂದ್ರದಲ್ಲಿ ಡಾಕ್ಟರ್ ಮೆಹರುನ್ನೀಸಾ ಅವಳ ಕೈಯನ್ನು ಐದು ನಿಮಿಷ, ತಲೆಯನ್ನು ಒಂದು ಗಂಟೆ ಪರೀಕ್ಷಿಸಿದರು. ಆಮೇಲೆ ಪರದೆಯ ಮೇಲೆ ಒಂದು ಬಣ್ಣದ ನಕ್ಷೆ ತೋರಿಸಿದರು.

"ಕೈ ಸರಿಯಾಗಿದೆ ಅಮ್ಮ. ಇದು ನಿಮ್ಮ ಮಿದುಳಿನ ಒಂದು ತುಂಡು. ಇಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗ ಇದೆ. ಬೆರಳಿಗೆ ಏನು ತಾಗಿದ್ರೂ ಆ ಜಾಗಕ್ಕೆ ಸುದ್ದಿ ಬರುತ್ತೆ. ಮೂವತ್ತು ವರ್ಷ ಈ ಮೂರು ಬೆರಳು ಒಟ್ಟೊಟ್ಟಿಗೇ ಪೆನ್ನು ಹಿಡಿದೂ ಹಿಡಿದೂ, ಮೂರರ ಜಾಗನೂ ಒಂದರೊಳಗೆ ಒಂದು ಸೇರ್ಕೊಂಡುಬಿಟ್ಟಿದೆ. ಈಗ ಸುದ್ದಿ ಯಾವ ಬೆರಳದು ಅಂತ ಮಿದುಳಿಗೆ ಗೊತ್ತಾಗ್ತಿಲ್ಲ. ಗೊತ್ತಾಗದೆ ಎಲ್ಲಾ ಬೆರಳಿಗೂ ಬಿಗಿ ಹಿಡಿ ಅನ್ನುತ್ತೆ."

ಚೆಲುವಾಂಬ ನಕ್ಷೆಯ ಹತ್ತಿರ ಹೋಗಿ ಕನ್ನಡಕ ಏರಿಸಿಕೊಂಡು ನೋಡಿದಳು. ಹಳದಿಯೊಳಗೆ ಹಸಿರು, ಹಸಿರೊಳಗೆ ನೀಲಿ.

"ಒತ್ತುವರಿ."

"ಏನಂದ್ರಿ?"

"ತೋರುಬೆರಳಿನ ಜಮೀನನ್ನ ಹೆಬ್ಬೆರಳು ಒತ್ತುವರಿ ಮಾಡಿದೆ. ಕಲ್ಲು ಕಿತ್ತುಹಾಕಿದಾರೆ. ಹದ್ದುಬಸ್ತು ಮಾಡಿಸ್ಬೇಕು."

ಡಾಕ್ಟರಿಗೆ ಆ ಪದದ ಅರ್ಥ, ಅಂದರೆ ಅಳತೆ ಮಾಡಿ ಗಡಿಕಲ್ಲು ನೆಡಿಸುವುದು, ಹೇಳಿದ ಮೇಲೆ ಅವರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಚಿಕಿತ್ಸೆ ಅದೇ ಎಂದರು. ಬೆರಳಿನ ತುದಿಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಗವಸು. ಬೆರಳು ಬೇಕಾದ್ದಕ್ಕಿಂತ ಬಿಗಿ ಹಿಡಿದರೆ ಆ ಬೆರಳಿಗೆ ಮಾತ್ರ ಇರುವೆ ನಡೆದಂತೆ ಒಂದು ಸಣ್ಣ ಮಿಡಿತ. ತಾನು ಏನು ಮಾಡುತ್ತಿದ್ದೇನೆಂದು ಬೆರಳಿಗೇ ವಾಪಸು ಹೇಳುವುದು, ಅಷ್ಟೇ. ಹೇಳಿಸಿಕೊಂಡೂ ಹೇಳಿಸಿಕೊಂಡೂ ಗಡಿ ಮತ್ತೆ ಮೂಡುತ್ತದೆ.

"ಎಷ್ಟು ದಿನ?"

"ಅದು ನಿಧಾನ." ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿದರು. "ಗವಸಿನಲ್ಲಿ ಇನ್ನೊಂದು ವಿಧಾನ ಇದೆ. ಇಲಾಖೆಯವರು ಅದನ್ನೇ ಕೊಡಿ ಅಂದಿದಾರೆ. ಹತ್ತು ಸಾವಿರ ಜನ ಆರೋಗ್ಯವಂತರ ಬರಹದಿಂದ ಒಂದು ಮಾದರಿ ಕೈ ಮಾಡಿದಾರೆ. ಗವಸು ನಿಮ್ಮ ಬೆರಳನ್ನ ಆ ದಾರಿಯಲ್ಲಿ ನಡೆಸುತ್ತೆ. ಮೂರು ವಾರಕ್ಕೆ ಮುಗಿಯುತ್ತೆ."

ಚೆಲುವಾಂಬ ಮೂರು ವಾರದ್ದಕ್ಕೆ ಹೂಂ ಅಂದಳು. ಯಾರಾದರೂ ಅನ್ನುತ್ತಿದ್ದರು.

* * *

ಹದಿನೇಳನೆಯ ದಿನ ಅವಳು ಮನೆಯ ಜಗಲಿಯಲ್ಲಿ ಕೂತು ಒಂದು ಪುಟ ಬರೆದಳು. ನೋವಿಲ್ಲ, ನಡುಕವಿಲ್ಲ; ಬೆಣ್ಣೆಯ ಮೇಲೆ ಬರೆದ ಹಾಗೆ. ಅಕ್ಷರ ಮಾತ್ರ ಮದುವೆ ಕರೆಯೋಲೆಯ ಅಕ್ಷರದಂತಿತ್ತು.

ಲಿಂಗರಾಜು ಕಾಗದವನ್ನು ದೂರ ಹಿಡಿದು ನೋಡಿದ. "ಚೆನ್ನಾಗಿದೆ. ಯಾರು ಬರ್ದಿದ್ದು?"

ಅವಳು ನಕ್ಕಳು. ಒಂದು ಗಳಿಗೆಯಾದ ಮೇಲೆ ಕಾಗದ ವಾಪಸು ಇಸಿದುಕೊಂಡು ನೋಡಿದಳು. ಅಕ್ಷರ ಅಕ್ಷರಕ್ಕೂ ಅಲ್ಲಲ್ಲೇ ತಲಕಟ್ಟು ಬಿದ್ದಿತ್ತು. ಒಂದೂ ಅಪ್ಪನ ಹಾಗೆ ಹಿಂದಿರುಗಿ ಬಂದದ್ದಲ್ಲ.

ಮುಂದಿನ ಸೋಮವಾರ ಕಚೇರಿಗೆ ಹೋಗಿ ಸಾಕ್ಷಿ ಮೇಜಿನ ಮೇಲೆ ನಾಲ್ಕು ಸಾಲು ಬರೆದಳು. ಮೇಜು ಅವಳನ್ನು ತಕ್ಷಣ ಗುರುತಿಸಿತು. ನೂರಕ್ಕೆ ತೊಂಬತ್ತೆಂಟು. ತೊಂದರೆಯೆಂದರೆ, ಮಂಡಿಕೆರೆ ತಾಲ್ಲೂಕಿನ ಪತ್ರಬರಹಗಾರ ವರದರಾಜು ಎಂದು ಗುರುತಿಸಿತು.

ವರದರಾಜು ಎಪ್ಪತ್ತರ ಮುದುಕ. ಅವನಿಗೂ ಕೈ ಹಿಡಿದುಕೊಂಡಿತ್ತು, ಅವನೂ ಮೈಸೂರಿಗೆ ಹೋಗಿದ್ದ. ಶಿವಸ್ವಾಮಿ ಅಲ್ಲಿ ಇಲ್ಲಿ ಫೋನು ಮಾಡಿ ವಿಚಾರಿಸಿದಾಗ, ರಾಜ್ಯದಲ್ಲಿ ಈಗ ಅಂಥ ವರದರಾಜುಗಳು ಹದಿನೇಳು ಜನ ಇದ್ದಾರೆಂದು ತಿಳಿಯಿತು. ಚೆಲುವಾಂಬ ಹದಿನೆಂಟನೆಯವಳು. ಆದರೆ ಇಲಾಖೆ ಗಾಬರಿಯಾಗಿರಲಿಲ್ಲ. ಅದಕ್ಕೂ ಒಂದು ಸುತ್ತೋಲೆ ಬಂದಿತ್ತು.

"ಏನಿಲ್ಲ ಮೇಡಂ. ನಿಮ್ಮ ಹಳೇ ಕೈಗುರುತು ತೆಗೆದುಹಾಕಿ, 'ಮಾದರಿ ಕೈ, ಹದಿನೆಂಟು' ಅಂತ ಹೊಸದು ಮಾಡ್ತೀವಿ. ಇವತ್ತೇ ಹಸಿರು. ನೀವು ನಾಳೆಯಿಂದ ಕೆಲಸಕ್ಕೆ ಕೂತ್ಕೋಬಹುದು."

"ಕೊನೇಲಿ ಬಿಕ್ಕಲಂ ಅಂತ ಯಾರ ಹೆಸರು ಹಾಕ್ಲಿ?"

"ನಿಮ್ಮದೇ."

"ಕೈ ವರದರಾಜಂದು."

"ಅಯ್ಯೋ, ಅದು ತಾಂತ್ರಿಕವಾಗಿ..."

"ಸಾರ್, ನಾಳೆ ಕೋರ್ಟಲ್ಲಿ ಒಬ್ಬ ವಕೀಲ ಎದ್ದು ನಿಂತು, ಈ ಉಯಿಲು ಬರೆದದ್ದು ಇವಳಲ್ಲ, ಆ ಹದಿನೇಳರಲ್ಲಿ ಯಾರೋ ಒಬ್ಬ, ಇಲ್ಲ ಆ ಗವಸು ಹಾಕಿದ ಯಾವುದೋ ಯಂತ್ರ ಅಂದ್ರೆ ಏನ್ ಹೇಳ್ತೀರಿ?"

ಶಿವಸ್ವಾಮಿ ಮೇಜಿನ ಕಡೆ ನೋಡಿದರು. ಮೇಜು ವರದರಾಜುವಿನ ಹೆಸರಿಗೆ ಹಸಿರಾಗಿಯೇ ಇತ್ತು.

ಆ ಪ್ರಶ್ನೆ ಅವಳು ಸುಮ್ಮನೆ ಕೇಳಿದ್ದಲ್ಲ. ಕಚೇರಿಯ ಮೆಟ್ಟಿಲ ಮೇಲೆ ಕಾಳಮ್ಮ ಕಾದು ಕೂತಿದ್ದಳು. ಎಂಬತ್ತೊಂದು ವರ್ಷ. ಹಾಸ್ಟೆಲಿನಲ್ಲಿ ಅಡಿಗೆ ಮಾಡಿ ಎರಡು ತಲೆಮಾರಿನ ಹುಡುಗರಿಗೆ ಮುದ್ದೆ ಉಣಿಸಿದವಳು. ತನ್ನ ಎರಡು ಅಂಕಣದ ಮನೆಯನ್ನು ಮಗನಿಗಲ್ಲ, ಮಗ ಬಿಟ್ಟುಹೋದ ಸೊಸೆ ಮಂಜಿಗೆ ಬರೆಯಬೇಕೆಂದು ಹಟ ಹಿಡಿದಿದ್ದಳು. ಮಗ ಈಗಾಗಲೇ ವಕೀಲನನ್ನು ಇಟ್ಟಿದ್ದ.

"ಬರ್ಕೊಡ್ತೀಯೇನವ್ವ ಇವತ್ತು?"

"ಕೈ ನಂದಲ್ಲ ಕಾಳವ್ವ ಇವತ್ತು. ನಂದಾದ ಮೇಲೆ ಬರ್ಕೊಡ್ತೀನಿ."

ಕಾಳಮ್ಮ ಅವಳ ಕೈಯನ್ನು ಹಿಡಿದು ಮೇಲೆ ಕೆಳಗೆ ತಿರುಗಿಸಿ ನೋಡಿದಳು. "ನಿಂದೇ ಇದ್ದಂಗೈತೆ. ಬಿರ್ರನೆ ಬಾ, ನಂಗೆ ವಯಸ್ಸಾಯ್ತು."

* * *

"ಆ ದಾರಿ ತೋರಿಸೋದನ್ನ ತೆಗೆದುಬಿಡಿ" ಎಂದಳು ಚೆಲುವಾಂಬ ಮೈಸೂರಿನಲ್ಲಿ. "ಸುದ್ದಿ ಹೇಳೋದು ಮಾತ್ರ ಇರ್ಲಿ."

"ಮೊದಲಿನಿಂದ ಶುರು ಮಾಡ್ಬೇಕಾಗುತ್ತೆ ಅಮ್ಮ. ಕೈ ಮತ್ತೆ ಹಿಡ್ಕೊಳ್ಳುತ್ತೆ. ಒಂಬತ್ತು ವಾರ ಇದೆ, ಸಾಕಾಗುತ್ತೆ ಅಂತ ನಾನು ಬರ್ಕೊಡಲ್ಲ."

"ನೀವು ಬರ್ಕೊಡೋದು ಬೇಡ. ಬರೆಯೋದು ನನ್ನ ಕೆಲಸ."

ಮೆಹರುನ್ನೀಸಾ ಮೊದಲ ಸಲ ನಕ್ಕರು. ಸುದ್ದಿ ಹೇಳುವ ವಿಧಾನವನ್ನು ಕಟ್ಟಿದವರು ಅವರೇ. ಆರು ವರ್ಷದ ಕೆಲಸ. ಅದನ್ನು ಕೇಳಿಕೊಂಡು ಬಂದ ಮೊದಲನೆಯವಳು ಇವಳು. "ಒಂದು ಕೈಕಾಗದ ಬೇಕು," ಎಂದರು, "ಮಾದರಿ ಕೈ ನೀವೇ ಬೇಡ ಅಂದ್ರಿ ಅಂತ. ಇಲ್ಲದಿದ್ರೆ ಇಲಾಖೆಯವರು ನನ್ನ ಕತ್ತು ಹಿಡೀತಾರೆ." ಚೆಲುವಾಂಬ ಅಲ್ಲೇ ಬರೆದುಕೊಟ್ಟಳು. ವರದರಾಜುವಿನ ಅಕ್ಷರದಲ್ಲಿ ಅದೇ ಕೊನೆಯ ಪತ್ರ.

ಗವಸಿನ ಪಾಠದ ಜೊತೆಗೆ ಮನೆಯಲ್ಲಿ ಮಾಡಬೇಕಾದ ಪಾಠವೂ ಇತ್ತು: ಕಣ್ಣು ಕಟ್ಟಿಕೊಂಡು, ಒಂದೊಂದೇ ಬೆರಳಿನಿಂದ ಮುಟ್ಟಿ ವಸ್ತು ಗುರುತಿಸುವುದು. ಪರೀಕ್ಷಕನ ಹುದ್ದೆಗೆ ಲಿಂಗರಾಜು ತಾನೇ ನೇಮಕವಾದ. ಬೆಳಗ್ಗೆ ತಿಂಡಿಯಾದ ಮೇಲೆ ತಟ್ಟೆಯಲ್ಲಿ ಕಾಳು ಸುರಿದು, ಹೆಂಡತಿಯ ಕಣ್ಣಿಗೆ ತನ್ನ ಹಳೆಯ ಖಾಕಿ ಮಫ್ಲರ್ ಕಟ್ಟಿ, ಟಿಕೆಟ್ ಕೇಳುವ ದನಿಯಲ್ಲಿ ಕೇಳುತ್ತಿದ್ದ.

"ಯಾವ ಬೆರಳು?"

"ತೋರು."

"ಏನು ಸಿಕ್ತು?"

"ತೊಗರಿ."

"ಅಲಸಂದೆ. ಇಳಿ ಕೆಳಗೆ."

ಮೊದಲ ವಾರ ಅವಳಿಗೆ ತೊಗರಿಗೂ ಅಲಸಂದೆಗೂ ವ್ಯತ್ಯಾಸ ಸಿಗಲಿಲ್ಲ. ಅದಕ್ಕಿಂತ ಅವಮಾನವೆಂದರೆ ಕಾಳು ತಾಗಿದ್ದು ನಡುಬೆರಳಿಗೋ ತೋರುಬೆರಳಿಗೋ ಎಂದೇ ತಿಳಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ತನ್ನವೇ ಆಗಿದ್ದ ಬೆರಳುಗಳು ತುಂಬಿದ ಬಸ್ಸಿನ ಪ್ರಯಾಣಿಕರ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಪೆನ್ನು ಹಿಡಿದರೆ ಸೆಳೆತ ಹಳೆಯ ಬಾಡಿಗೆದಾರನ ಹಾಗೆ ಕೇಳದೆಯೇ ಒಳಗೆ ಬಂದು ಕೂತಿತು. ಹಾಗೆ ಬಂದಾಗೆಲ್ಲ ಗವಸು ಮಿಡಿಯುತ್ತಿತ್ತು: ಹೆಬ್ಬೆರಳು, ಹೆಬ್ಬೆರಳು, ಹೆಬ್ಬೆರಳು.

"ಸುಮ್ನೆ ಆ ಹದಿನೆಂಟನೇ ನಂಬರ್ ತಗೋಬಾರದಿತ್ತಾ?" ಎಂದ ಲಿಂಗರಾಜು ಒಂದು ದಿನ, ತಟ್ಟೆ ಎತ್ತಿಡುತ್ತಾ. "ಓದೋರಿಗೆ ಅಕ್ಷರ ಕಂಡ್ರೆ ಸಾಕು. ಯಾರ ಕೈಯಾದ್ರೇನು?"

"ನೀವು ಇಪ್ಪತ್ತೆಂಟು ವರ್ಷ ಸೀಟಿ ಊದಿದ್ರಲ್ಲ. ಡ್ರೈವರ್ ಕಣ್ಣು ಮುಚ್ಕೊಂಡು ಹೇಳ್ತಿದ್ನಂತೆ, ಇದು ಲಿಂಗರಾಜು ಸೀಟಿ ಅಂತ."

"ಅದು ನಿಜ."

"ಒಂದಿನ ಡಿಪೋದವರು ಬಂದು, ನಿಮ್ಮ ಸೀಟಿ ಸರಿಯಿಲ್ಲ, ಎಲ್ಲಾ ಕಂಡಕ್ಟರಿಗೂ ಒಂದೇ ಸೀಟಿ, ಈ ಗುಂಡಿ ಒತ್ತಿ ಸಾಕು ಅಂದಿದ್ರೆ?"

ಲಿಂಗರಾಜು ತಟ್ಟೆ ಎತ್ತಿಕೊಂಡು ಒಳಗೆ ಹೋದ. ಮಾರನೆಯ ದಿನದಿಂದ ಮಾತ್ರ ತಟ್ಟೆಗೆ ಹೆಸರುಕಾಳು, ಉದ್ದು, ಹುರುಳಿಯನ್ನೂ ಸೇರಿಸಿ ಪರೀಕ್ಷೆ ಬಿಗಿ ಮಾಡಿದ.

ಐದನೆಯ ವಾರದ ಒಂದು ಬೆಳಗ್ಗೆ ಅವಳ ನಡುಬೆರಳು ತಟ್ಟೆಯಲ್ಲಿ ಒಂದರ ಮೇಲೆ ನಿಂತಿತು. ನಾಲ್ಕು ತೂತು.

"ಇದು ಕಾಳಲ್ಲ. ನಿಮ್ಮ ನೀಲಿ ಅಂಗಿ ಗುಂಡಿ."

"ನೀಲಿ ಅಂತ ಹ್ಯಾಗೆ ಗೊತ್ತಾಯ್ತು?"

"ಅಂಚು ಮುರಿದಿದೆ. ಹಾಕ್ಕೊಡು ಹಾಕ್ಕೊಡು ಅಂತ ಮೂರು ತಿಂಗಳಿಂದ ಕುಯ್ಯೋ ಅಂತಿದ್ರಲ್ಲ."

ಮಫ್ಲರ್ ಬಿಚ್ಚಿ ನೋಡಿದಾಗ ಗಂಡ ಗುಂಡಿಯನ್ನೇ ನೋಡುತ್ತಾ ಕೂತಿದ್ದ. ಅಂದು ಅವಳು ಜಗಲಿಯಲ್ಲಿ ಕೂತು ಬರೆದ ಏಳನೆಯ ಪದದಲ್ಲಿ ಪೆನ್ನು ತಾನಾಗಿ ಎದ್ದು, ಪದದ ಮೊದಲಿಗೆ ಹಿಂದಿರುಗಿ, ಸಾಲಾಗಿ ಟೋಪಿ ಹಾಕಿಕೊಂಡು ಬಂತು. ಅವಳು ಯಾರಿಗೂ ಹೇಳಲಿಲ್ಲ. ಮೈಸೂರಿನ ನಕ್ಷೆಯಲ್ಲಿ ಆ ವಾರ ಹಳದಿಗೂ ಹಸಿರಿಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. "ನಿಮ್ಮ ಗಡಿಕಲ್ಲು" ಎಂದು ಡಾಕ್ಟರು ಅದರ ಮೇಲೆ ಬೆರಳಿಟ್ಟರು.

ಆದರೆ ಗಡಿ ಪೂರ್ತಿ ಮೂಡಲಿಲ್ಲ. ಹೆಬ್ಬೆರಳು ಒಂದು ಮೂಲೆಯಲ್ಲಿ ಕಾಲೂರಿಕೊಂಡೇ ಇತ್ತು. ಜೂನ್ ಇಪ್ಪತ್ತೆಂಟರಂದು ಮೆಹರುನ್ನೀಸಾ ಕೇಳಿದರು: "ಪರೀಕ್ಷೆ ದಿನ ಮಾದರಿ ಕೈ ಬೇಕಾ? ಒಂದೇ ದಿನಕ್ಕೆ. ಗವಸು ಹಾಕಿದ್ರೆ ಹಸಿರು ಖಂಡಿತ."

"ಗವಸು ಇಲ್ಲೇ ಇರ್ಲಿ" ಎಂದಳು ಚೆಲುವಾಂಬ. ಬಿಚ್ಚಿ ಮೇಜಿನ ಮೇಲಿಟ್ಟಳು.

* * *

ಜೂನ್ ಮೂವತ್ತರ ಬೆಳಗ್ಗೆ ಹನ್ನೊಂದಕ್ಕೆ ಕಚೇರಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಕಾಳಮ್ಮನ ಮಗ ಬಂದಿದ್ದ, ವಕೀಲನೂ ಬಂದಿದ್ದ. ಮಂಜಿ ಅತ್ತೆಯ ಹಿಂದೆ ಸೆರಗು ಹಿಡಿದು ನಿಂತಿದ್ದಳು. ಲಿಂಗರಾಜು ಬಾಗಿಲ ಬಳಿ, ಇಳಿಯುವವರಿಗೆ ದಾರಿ ಬಿಡಿಸುವವನ ಹಾಗೆ.

ಪರೀಕ್ಷೆಯ ಪತ್ರ ಕಾಳಮ್ಮನ ಉಯಿಲೇ. ಚೆಲುವಾಂಬ ಮೇಜಿನ ಮೇಲೆ ಕಾಗದವಿಟ್ಟಳು.

"ಹೇಳು ಕಾಳವ್ವ."

ಕಾಳಮ್ಮ ಹೇಳಿದಳು, ಚೆಲುವಾಂಬ ಬರೆದಳು. ನಾಲ್ಕು ದಿಕ್ಕಿನ ಚೆಕ್ಕುಬಂದಿ, ಬಾಗಿಲು, ಹಿತ್ತಲು, ಹಿತ್ತಲ ನುಗ್ಗೆಮರ. ಹದಿನೆಂಟು ಸಾಲು ಸಲೀಸಾಗಿ ಹೋಯಿತು. ಮೇಜಿನ ಅಂಚು ತಿಳಿಹಸಿರು.

"ಕಾರಣ ಏನು ಅಂತ ಬರೀಲಿ?"

"ಕಾರಣವಾ?" ಕಾಳಮ್ಮ ಮಗನ ಕಡೆ ನೋಡಿಯೇ ಹೇಳಿದಳು. "ಹನ್ನೊಂದು ವರ್ಷ ನನ್ನ ತಲೆ ಬಾಚಿದವಳು ಇವಳು. ಹಂಗೇ ಬರಿ."

ಹತ್ತೊಂಬತ್ತನೆಯ ಸಾಲು. 'ಬಾಚಿ'ವರೆಗೆ ಬಂದ ಹೆಬ್ಬೆರಳು ನಿಂತಿತು. ಪೆನ್ನಿನ ಕತ್ತು ಹಿಡಿದುಕೊಂಡಿತು. ತೋರುಬೆರಳು ಬಾಗಿತು. ಪೆನ್ನು ಕಾಗದದ ಮೇಲೆ ಗೀರಿತು. ಚೆಲುವಾಂಬ ಪೆನ್ನು ಎತ್ತಲಿಲ್ಲ. ಮಿಡಿಯಲು ಗವಸಿರಲಿಲ್ಲ, ಆದರೂ ಬಿಗಿ ಯಾವ ಬೆರಳದೆಂದು ಅವಳಿಗೆ ಈಗ ಗೊತ್ತಿತ್ತು. ಮೂರನ್ನೂ ಗದರಿಸಲಿಲ್ಲ. ಹೆಬ್ಬೆರಳೊಂದಕ್ಕೇ ಕಾದಳು. ಕೋಣೆಯಲ್ಲಿ ಯಾರೋ ಕೆಮ್ಮಿದರು. ಮೇಜು ಕೆಂಪಾಯಿತು. ಬೆರಳು ಒಂದು ಎಳೆ ಸಡಿಲವಾಯಿತು. ನಡುಗುತ್ತಲೇ ಸಾಲು ಮುಗಿಯಿತು. ಇಪ್ಪತ್ತನೆಯದು ಮತ್ತೆ ನೆಟ್ಟಗೆ ಹೋಯಿತು.

"ಎಪ್ಪತ್ತೊಂದು" ಎಂದರು ಶಿವಸ್ವಾಮಿ ಮೆಲ್ಲಗೆ. "ನಾಲ್ಕು ಕಮ್ಮಿ ಮೇಡಂ."

ವಕೀಲ ತನ್ನ ಫೈಲು ಮುಚ್ಚಿದ.

"ಪತ್ರ ಇನ್ನೂ ಮುಗಿದಿಲ್ಲ ಸಾರ್" ಎಂದು ಚೆಲುವಾಂಬ ತಲೆ ಎತ್ತದೆ ಬರೆದಳು:

'ಷರಾ: ಹತ್ತೊಂಬತ್ತನೇ ಸಾಲಿನಲ್ಲಿ ಬರೆಯುವವಳ ಹೆಬ್ಬೆರಳು ಹಿಡಿದುಕೊಂಡು ಅಕ್ಷರ ನಡುಗಿರುತ್ತದೆ. ನಡುಕ ನನ್ನದೇ. ಬೇರೆ ಯಾರ ಕೈಯೂ ಇದರಲ್ಲಿ ಇರುವುದಿಲ್ಲ.'

ಬರೆದು ಹೇಳಿದಳು: "ಕೈಬರಹ ಕಾಯಿದೆ, ಮೂವತ್ತನಾಲ್ಕನೇ ನಿಯಮ. ಓದಿ."

ಶಿವಸ್ವಾಮಿ ಓದಿದರು. ಕಾಯಿದೆ ಬರೆದವರು ಹಳೆಯ ನಿಯಮಗಳನ್ನು ಹಾಗೆಹಾಗೇ ಎತ್ತಿ ಹೊಸದಕ್ಕೆ ಇಳಿಸಿದ್ದರು, ಅನೇಕ ಕಡೆ ಓದದೆಯೇ. 'ಬರಹಗಾರನು ಷರಾದಲ್ಲಿ ಒಪ್ಪಿಕೊಂಡ ದೋಷವನ್ನು ದೋಷವೆಂದು ಎಣಿಸತಕ್ಕದ್ದಲ್ಲ.'

"ಅದು ಅಕ್ಷರದೋಷಕ್ಕೆ" ಎಂದ ವಕೀಲ.

"ಹಾಗಂತ ಎಲ್ಲಿದೆ, ತೋರಿಸಿ" ಎಂದಳು ಚೆಲುವಾಂಬ.

ವಕೀಲ ಹುಡುಕಿದ. ಇರಲಿಲ್ಲ.

"ಮೇಜಿಗೆ ಷರಾ ಓದೋಕೆ ಬರಲ್ವಲ್ಲ ಮೇಡಂ" ಎಂದರು ಶಿವಸ್ವಾಮಿ, ಕಷ್ಟಪಟ್ಟು.

"ನಿಮಗೆ ಬರುತ್ತಲ್ಲ ಸಾರ್."

ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಯಾರೂ ಶಿವಸ್ವಾಮಿಯವರಿಗೆ ಅಂಥ ಮಾತು ಹೇಳಿರಲಿಲ್ಲ. ಅವರು ಮೇಜಿನ ಪರದೆಯಲ್ಲಿ ಒಂದರೊಳಗೊಂದು ಪುಟ ತೆರೆಯುತ್ತಾ ಹೋದರು. ಎಂಟನೆಯ ಪುಟದ ತಳದಲ್ಲಿ, ಒಬ್ಬರೂ ಎಂದೂ ಮುಟ್ಟದಿದ್ದ ಒಂದು ಚೌಕ ಇತ್ತು: 'ಒಪ್ಪಿದ ಸಾಲು'. ಅಲ್ಲಿ ಹತ್ತೊಂಬತ್ತು ಎಂದು ಒತ್ತಿದರು. ಮೇಜು ಆ ಸಾಲು ಬಿಟ್ಟು ಎಣಿಸಿ ಹಸಿರಾಯಿತು. ಎಪ್ಪತ್ತೊಂದು ಹೋಗಿ ಎಂಬತ್ತಾರು ಬಂತು. ಹೆಸರಿನ ಜಾಗದಲ್ಲಿ ಚೆಲುವಾಂಬ, ಬಿದರೂರು ಎಂದಿತ್ತು. ಬಾಗಿಲ ಬಳಿ ಯಾರೋ ಎರಡು ಬೆರಳು ಬಾಯಿಗಿಟ್ಟು ಗಟ್ಟಿಯಾಗಿ ಒಂದು ಸೀಟಿ ಊದಿದರು. ಯಾರ ಸೀಟಿ ಎಂದು ಅವಳು ತಿರುಗಿ ನೋಡಬೇಕಾಗಿರಲಿಲ್ಲ.

ಕಾಳಮ್ಮ ಹೆಬ್ಬೆಟ್ಟು ಒತ್ತಿದಳು. ಚೆಲುವಾಂಬ 'ಬಿಕ್ಕಲಂ' ಎಂದು ಬೋಳಾಗಿ ಬರೆದು, ಹಿಂದಿರುಗಿ ತಲಕಟ್ಟು ಕೊಟ್ಟು, ಮುಂದೆ ತನ್ನ ಹೆಸರು ಬರೆದಳು. ಕೆಳಗೆ ಉಳಿದ ಖಾಲಿ ಜಾಗಕ್ಕೆ ಯಾರೂ ಏನೂ ಸೇರಿಸದ ಹಾಗೆ ಓರೆಯಾಗಿ ಒಂದು ಗೆರೆ ಎಳೆದಳು. ಗೆರೆ ನಡುವೆ ಸ್ವಲ್ಪ ನಡುಗಿತು. ನಡುಗಿಕೊಳ್ಳಲಿ ಎಂದು ಬಿಟ್ಟಳು.

"ಈಗ ನೀವು ಒಪ್ಪಿದೆ ಅಂತ ಬರೀಬೇಕು ಸಾರ್. ಅದೇ ನಿಯಮ, ಎರಡನೇ ವಾಕ್ಯ. ಸ್ವಹಸ್ತದಲ್ಲಿ."

ಶಿವಸ್ವಾಮಿ ಜೇಬು ಮುಟ್ಟಿ ನೋಡಿಕೊಂಡರು. ಪೆನ್ನಿರಲಿಲ್ಲ, ಎಷ್ಟು ವರ್ಷದಿಂದ ಇರಲಿಲ್ಲವೋ. ಚೆಲುವಾಂಬ ತನ್ನದನ್ನೇ ಕೊಟ್ಟಳು. ಅವರು ಕುರ್ಚಿ ಎಳೆದುಕೊಂಡು ಕೂತು, ಸೇದುವ ಬಾವಿಯ ಹಗ್ಗದ ಹಾಗೆ ಪೆನ್ನನ್ನು ಹಿಡಿದು, ಮೊದಲ ಅಕ್ಷರಕ್ಕೆ ಬಗ್ಗಿದರು. ಬೆರಳಿನ ತುದಿಗಳು ಬೆಳ್ಳಗಾದವು.

"ಅಷ್ಟು ಗಟ್ಟಿಯಾಗಿ ಹಿಡೀಬೇಡಿ ಸಾರ್" ಎಂದಳು ಚೆಲುವಾಂಬ. "ಅದೆಲ್ಲೂ ಓಡಿಹೋಗಲ್ಲ."